ಬಲದ ತೂಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ — ಈ ಹೆಸರುಗಳನ್ನು ಒಟ್ಟಿಗೆ ಕೇಳಿದಾಗ ಇತಿಹಾಸ ಬಲ್ಲವರಿಗೆ ಸವದತ್ತಿಯ ರಟ್ಟರು ನೆನಪಾದಾರು, 1824ರ ಕಿತ್ತೂರಿನ ಕದನ ನೆನಪಾದೀತು. ನನಗೆ ಮೊದಲು ನೆನಪಾಗುವುದು ಆ ಸೀಮೆಯ ನಮ್ಮೂರಿನ ಗರಡಿಮನೆ ಮತ್ತು ಅದರ ಬಾಗಿಲಲ್ಲಿ ಬಿದ್ದಿರುತ್ತಿದ್ದ ಗುಂಡುಕಲ್ಲು. ಜಾತ್ರೆಯ ದಿನ ಅದನ್ನು ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿದವನೇ ಬಲಶಾಲಿ. ಕಲ್ಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎತ್ತುವೆಯೋ, ಇಲ್ಲವೋ?

ಹರೆಯದಲ್ಲಿ ನಾನೂ ಆ ಪ್ರಶ್ನೆಗೆ ಉತ್ತರ ಕೊಡಹೋಗಿ ಮೊಣಕಾಲು ತಿರುಚಿಕೊಂಡೆ. ಕೆಲವು ತಿಂಗಳಲ್ಲಿ ನೋವು ಮಾಯವಾಯಿತು. ಗುಣವಾಯಿತೆಂದು ಎಲ್ಲರೂ ಅಂದರು, ನಾನೂ ನಂಬಿದೆ. ಮರುವರ್ಷ ಅದೇ ಕಲ್ಲಿನ ಮುಂದೆ ಅದೇ ಕಾಲು ಕುಸಿಯಿತು. ನೋವು ಹೋಗುವುದು ಬೇರೆ, ಬಲ ಮರಳುವುದು ಬೇರೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಬಲವನ್ನು ಅಂಕೆಯಲ್ಲಿ ಹಿಡಿಯುವ ಮನುಷ್ಯನ ಯತ್ನ ಹಳೆಯದು. 1798ರಲ್ಲಿ ಫ್ರಾನ್ಸಿನ ಎಡ್ಮ್ ರೆನ್ಯೇ ಉಕ್ಕಿನ ಸ್ಪ್ರಿಂಗಿನ ಬಲಮಾಪಕವೊಂದರ ವಿವರವನ್ನು ಪ್ರಕಟಿಸಿದ. ಅದುಮಿದರೆ ಮುಳ್ಳು ಸರಿದು ಬಲವನ್ನು ತೋರಿಸುತ್ತಿತ್ತು. 1910ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾಕ್ಟರ್ ರಾಬರ್ಟ್ ಲವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಪೋಲಿಯೋಪೀಡಿತರ ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ದರ್ಜೆ ಗೊತ್ತುಮಾಡುವ ಕ್ರಮವನ್ನು ರೂಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವೈದ್ಯರು ಸೊನ್ನೆಯಿಂದ ಐದರವರೆಗಿನ ದರ್ಜೆಗಳನ್ನು ಬಳಕೆಗೆ ತಂದರು. ಇಂದಿಗೂ ಅವು ಉಳಿದಿವೆ.

ಆದರೆ ಕೈಯ ಅಂದಾಜಿಗೆ ಮಿತಿಯುಂಟು. ದಷ್ಟಪುಷ್ಟವಾದ ತೊಡೆಯಲ್ಲಿ ಕಾಲುಭಾಗದಷ್ಟು ಬಲ ಕುಂದಿದ್ದರೂ ಪರೀಕ್ಷಕನ ಕೈಗೆ ಅದು ತಿಳಿಯದೆ ಹೋಗಬಹುದು. ಈ ಕೊರತೆಯನ್ನು ನೀಗುವ ಯಂತ್ರದ ತತ್ತ್ವವನ್ನು 1967ರಲ್ಲಿ ಹೆಲೆನ್ ಹಿಸ್ಲಾಪ್ ಮತ್ತು ಜೇಮ್ಸ್ ಪೆರಿನ್ ತಮ್ಮ ಲೇಖನದಲ್ಲಿ ವಿವರಿಸಿದರು. ಆಸನದಲ್ಲಿ ಕುಳಿತವನ ಕಾಲನ್ನು ಸನ್ನೆಗೋಲೊಂದಕ್ಕೆ ಕಟ್ಟುತ್ತಾರೆ. ಅದು ಗೊತ್ತಾದ ವೇಗದಲ್ಲಿ, ಸೆಕೆಂಡಿಗೆ 60 ಡಿಗ್ರಿ ಎನ್ನೋಣ, ಚಲಿಸುತ್ತದೆ. ಎಷ್ಟೇ ತಳ್ಳಿದರೂ ವೇಗ ಹೆಚ್ಚದು. ತಳ್ಳಿದಷ್ಟೇ ತಡೆ ಎದುರಾಗುತ್ತದೆ. ಮೊಣಕಾಲು ಯಾವ ಕೋನದಲ್ಲಿ ಸೋಲುತ್ತದೆಂಬುದೂ ಗೆರೆಯಾಗಿ ಮೂಡುತ್ತದೆ.

ಮುಪ್ಪಿನಲ್ಲಿ ನಗರದ ಆಸ್ಪತ್ರೆಯೊಂದರಲ್ಲಿ ನಾನೂ ಆ ಆಸನದಲ್ಲಿ ಕುಳಿತೆ. ಎರಡು ಗೆರೆಗಳು ಮೂಡಿದವು. ಹಳೆಯ ಗಾಯದ ಕಾಲಿನದು ತಗ್ಗಿನಲ್ಲಿತ್ತು. ಕಲ್ಲು ನನ್ನನ್ನು ಊರಿನ ಇತರರೊಡನೆ ಹೋಲಿಸಿತ್ತು. ಯಂತ್ರ ನನ್ನ ಒಂದು ಕಾಲನ್ನು ಅದರ ಜೊತೆಗಾರ ಕಾಲಿನೊಡನೆ ಹೋಲಿಸಿತು. ಗಾಯಗೊಂಡ ಕಾಲಿನ ಬಲ ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ಆಗುವವರೆಗೆ ಆಟಗಾರನನ್ನು ಕಣಕ್ಕೆ ಬಿಡಬಾರದೆಂಬುದು ಇಂದು ಅನೇಕ ವೈದ್ಯರು ಹಿಡಿದಿರುವ ನಿಯಮ.

ಅಂಥ ದುಬಾರಿ ಯಂತ್ರ ಎಲ್ಲ ಊರುಗಳಿಗೂ ಬಾರದು. ಆದರೆ ಅದರ ಪ್ರಶ್ನೆಯನ್ನು ಎಲ್ಲಿಯೂ ಕೇಳಬಹುದು. ಗುಣವಾಗುತ್ತ ಬಂದವನನ್ನು ಒಂಟಿ ಕಾಲಿನಲ್ಲಿ ಕುರ್ಚಿಯಿಂದ ಏಳಿಸಿ ನೋಡುವ ವ್ಯಾಯಾಮ ಚಿಕಿತ್ಸಕರು ಕೇಳುವುದೂ ಅದನ್ನೇ: ಎರಡು ಕಾಲುಗಳೂ ಸಮನಾದವೇ? ಇಂದಿಗೂ ಜಾತ್ರೆಗಳಲ್ಲಿ ತರುಣರು ಕಲ್ಲಿಗೆ, ಜೋಳದ ಚೀಲಕ್ಕೆ ಹೆಗಲು ಕೊಡುತ್ತಾರೆ. ಗಾಯಗೊಂಡವರು ಮರಳಿ ಬರುವ ಮುನ್ನ ಈ ಪ್ರಶ್ನೆಗೆ ಉತ್ತರ ಪಡೆಯಲಿ. ಒಂದು ಜಾತ್ರೆ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಕಲ್ಲೂ ಅಲ್ಲಿಯೇ ಇರುತ್ತದೆ.