ಎತ್ತು ಹೊರುವಷ್ಟೇ ಸಂಸಾರ (ನಮ್ಮ ಸೀಮೆ ಇತಿಹಾಸ, ಭಾಗ 4)

ಮನೆ ಮಾರಿ, ಸಾಮಾನೆಲ್ಲ ಯಾರಿಗೋ ಕೊಟ್ಟು, ಗಾಡಿನೇ ಮನೆ ಮಾಡ್ಕೊಂಡು ತಿರುಗೋರ ರೀಲ್ಸ್ ನೋಡಿರ್ತೀರಿ. ಹೊಸದು ಅನ್ಸುತ್ತಲ್ಲ? ಲಂಬಾಣಿಗರು ನೂರಾರು ವರ್ಷ ಹಿಂಗೇ ಬದುಕಿದವರು.

ತಾಂಡಾ ಅಂದ್ರೆ ಮೊದಲು ಊರಲ್ಲ, ಸಾಗುವ ಗುಂಪು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿ ಸಂತೆಗೂ ಸೈನ್ಯಕ್ಕೂ ಮುಟ್ಟಿಸೋರು. ಒಂದೊಂದು ಗುಂಪಿನಲ್ಲಿ 10-12 ಸಾವಿರ ಎತ್ತು ಇರ್ತಿದ್ವು ಅಂತ 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ ಬರೆದಿದ್ದಾನೆ. ಹೆಂಡ್ತಿ ಮಕ್ಕಳೂ ಜೊತೆಗೇ. ಎತ್ತು ಹೊರದ ಸಾಮಾನು ಸಂಸಾರದಲ್ಲಿ ಇರಂಗಿಲ್ಲ. ಉಳಿತಾಯ ಬೆಳ್ಳಿಯಾಗಿ ಮೈಮೇಲೆ, ಕಲೆ ಕನ್ನಡಿ ಹೊಲಿದ ಲಂಗದ ಮೇಲೆ. ನಮ್ಮ ಬಿಕಾಂ ಲೆಕ್ಕದಲ್ಲಿ, ಎತ್ತೇ ಫಿಕ್ಸೆಡ್ ಅಸೆಟ್!

1871ರಲ್ಲಿ ಬಾಂಬೆ, ಮದ್ರಾಸ್ ಕಡೆಯ ರೈಲು ಮಾರ್ಗಗಳು ನಮ್ಮ ರಾಯಚೂರಲ್ಲೇ ಕೂಡಿದವು. ಎತ್ತಿನ ಹೇರು ರೈಲಿಗೆ ಹೋಯ್ತು. ಅದೇ ವರ್ಷ ಬ್ರಿಟಿಷರು ತಮ್ಮ ಸೀಮೆಯಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಮುಂದೆ ಹಲವೆಡೆ ಲಂಬಾಣಿಗರನ್ನೂ ಅದಕ್ಕೆ ಸೇರಿಸಿದರು. ತಿರುಗೋದೇ ತಪ್ಪಾಯ್ತು. ಕಾಯ್ದೆ ರದ್ದಾಗಿದ್ದು 1952ರಲ್ಲಿ.

ತಾಂಡಾ ಊರಾಯ್ತು. ಮನೆ ಬಂತು, ಬೀಗ ಬಂತು. ಆದ್ರ ಮಳಿ ಕೈಕೊಟ್ರ, ಕಾಲುವಿ ನೀರು ಕೊನಿ ಹೊಲಕ್ಕ ಮುಟ್ಟದಿದ್ರ, ಅದೇ ಬೀಗ ಹಾಕಿ ಬೆಂಗಳೂರು, ಪುಣೆಗೆ ಗುಳೆ. ತಾಂಡಾದವರಷ್ಟೇ ಅಲ್ಲ, ನಮ್ಮ ಮಲ್ಲಟದ ಸುತ್ತಿನ ಬಡವರೂ. ಜೋಳದ ಚೀಲ, ಹಾಸಿಗಿ, ಕೊಡ ಬಸ್ಸಿಗೆ. ಅಜ್ಜ ಅಜ್ಜಿ, ಮಕ್ಕಳ ಶಾಲೆ ಊರಲ್ಲೇ.

ರೀಲ್ಸ್‌ನವರು ಏನು ಬಿಡಬೇಕು ಅಂತ ಕೂತು ಆರಿಸ್ತಾರ. ಗುಳೆ ಹೋಗೋರಿಗೆ ಆರಿಸೋಕೆ ಏನೈತಿ?

ನಿಮ್ಮ ಕ್ಲಾಸಲ್ಲಿ ಅರ್ಧ ವರ್ಷ ಖಾಲಿ ಇದ್ದ ಬೆಂಚ್ ಯಾರದಿತ್ತು, ನೆನಪೈತೇನ್ರಿ?

#ಮಲ್ಲಟ #ರಾಯಚೂರು #ತಾಂಡಾ #ಗುಳೆ