ಹೇಳಿಕೊಳ್ಳಲು ಒಂದು ಜಾಗ

ಯುಗಾದಿ ಕೂಟದ ಊಟದ ಸಾಲಿನಲ್ಲಿ ಯೂನಿವರ್ಸಿಟಿಯ ಕರಪತ್ರವೊಂದು ಕೈಯಿಂದ ಕೈಗೆ ದಾಟುತ್ತಿತ್ತು. ವಾರಕ್ಕೊಮ್ಮೆ ಏಳೆಂಟು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಮನಸ್ಸಿನ ಕಷ್ಟ ಹೇಳಿಕೊಳ್ಳುವ ಏರ್ಪಾಡಿನ ವಿಷಯ ಅದರಲ್ಲಿತ್ತು. ಹಿರಿಯರೊಬ್ಬರು ಓದಿ, "ನಮ್ಮ ಸಂಕಟ ಕಂಡವರ ಮುಂದೆ ಯಾಕಪ್ಪಾ? ಇದೆಲ್ಲ ಈಗಿನವರ ಹೊಸ ಹುಚ್ಚು" ಎಂದರು. ಹೊಸದೇನಲ್ಲ, ಇದಕ್ಕೆ ನೂರು ವರ್ಷ ದಾಟಿದೆ ಎಂದು ಅಂದು ಹೇಳಲಾಗಲಿಲ್ಲ, ಸಾಲು ಮುಂದೆ ಹೋಯಿತು. ಈಗ ಹೇಳುತ್ತೇವೆ.

ಇದರ ಮೂಲ ವಿದ್ಯಾರ್ಥಿಗಳಲ್ಲಿಲ್ಲ, ಕ್ಷಯರೋಗಿಗಳಲ್ಲಿದೆ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಅವರು ಸ್ಯಾನಟೋರಿಯಮ್ಮಿಗೆ ಹೋಗಲಾರದ ಬಡ ರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸಿ ವಿಶ್ರಾಂತಿ, ಗಾಳಿ, ಆಹಾರಗಳ ಪಾಠ ಹೇಳತೊಡಗಿದರು. ಪ್ರತಿಯೊಬ್ಬ ರೋಗಿಯೂ ತನ್ನ ದಿನಚರಿಯನ್ನು ಪುಸ್ತಕದಲ್ಲಿ ಬರೆದು ತರಬೇಕಿತ್ತು. ಆದರೆ ಪಾಠದಷ್ಟೇ ಇನ್ನೊಂದು ಸಂಗತಿಯೂ ಕೆಲಸ ಮಾಡಿತು. ಒಂದೇ ಬೇನೆಯವರು ಒಬ್ಬರನ್ನೊಬ್ಬರು ನೋಡಿ ಧೈರ್ಯ ತಂದುಕೊಂಡರು.

ಯೂನಿವರ್ಸಿಟಿಗಳ ಕಥೆ 1910ರಲ್ಲಿ ಪ್ರಿನ್ಸ್‌ಟನ್ನಿನಿಂದ ಶುರು. ಬುದ್ಧಿವಂತ ಹುಡುಗರೇ ಮನಸ್ಸು ಕೆಟ್ಟು ಓದು ಬಿಟ್ಟು ಹೋಗುವುದನ್ನು ಕಂಡು ಅಲ್ಲಿ ವಿದ್ಯಾರ್ಥಿಗಳಿಗಾಗಿ ಮಾನಸಿಕ ಆರೋಗ್ಯದ ಏರ್ಪಾಡು ಮಾಡಿದರು. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944ರಲ್ಲಿ, ಸೈನಿಕರ ಓದಿಗೆ ಹಣ ಕೊಡುವ ಕಾಯಿದೆ ಅಮೆರಿಕದಲ್ಲಿ ಬಂತು. ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿದರು. ಯುದ್ಧ ಕಂಡ ಕಣ್ಣುಗಳ ಮುಂದೆ ಪಠ್ಯಪುಸ್ತಕ! ಕೇಳುವ ಕಿವಿಗಳು ಸಾಲದಾದವು. 1945ರಲ್ಲಿ ಕಾರ್ಲ್ ರೋಜರ್ಸ್ ಶಿಕಾಗೋ ಯೂನಿವರ್ಸಿಟಿಯಲ್ಲಿ ಆಪ್ತಸಲಹಾ ಕೇಂದ್ರ ತೆರೆದರು. ಬುದ್ಧಿವಾದ ಹೇಳುವುದಕ್ಕಿಂತ ಮನಸ್ಸಿಟ್ಟು ಕೇಳುವುದು ಮೇಲು ಎಂಬುದು ಅವರ ಮತ.

1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ಟಿನ ಶಿಬಿರವೊಂದರಲ್ಲಿ ಇನ್ನೊಂದು ಪಾಠ ದೊರೆಯಿತು. ಅದನ್ನು ನಡೆಸಿದವರು ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಕರ್ಟ್ ಲೆವಿನ್. ಹಗಲು ಗುಂಪುಗಳಲ್ಲಿ ನಡೆದದ್ದನ್ನು ಸಂಶೋಧಕರು ರಾತ್ರಿ ತಮ್ಮಲ್ಲೇ ಚರ್ಚಿಸುತ್ತಿದ್ದರು. ಶಿಬಿರಾರ್ಥಿಗಳು ಕೆಲವರು ತಾವೂ ಕುಳಿತು ಕೇಳಬಹುದೇ ಎಂದರು. ತಮ್ಮ ವಿಷಯ ಬಂದಾಗ, "ಅದು ಹಾಗಲ್ಲ, ಹೀಗೆ" ಎಂದು ವಾದಕ್ಕೇ ನಿಂತರು. ಗುಂಪು ತನ್ನನ್ನು ತಾನೇ ನೋಡಿಕೊಂಡು ಕಲಿಯಬಲ್ಲದು ಎಂಬುದು ಅಲ್ಲಿ ತಿಳಿಯಿತು. 1947ರ ಫೆಬ್ರವರಿಯಲ್ಲಿ ಲೆವಿನ್ ತೀರಿಕೊಂಡರು. ಆ ಬೇಸಿಗೆಯಲ್ಲೇ ಮೇಯ್ನ್ ರಾಜ್ಯದ ಬೆತೆಲ್ ಊರಿನಲ್ಲಿ ಅವರ ಸಂಗಡಿಗರು ಕೆಲಸ ಮುಂದುವರಿಸಿದರು.

ಇನ್ನು ನಾವಿರುವ ಇಂಗ್ಲೆಂಡಿಗೆ ಬರೋಣ. ಮೊದಲ ಸಲ ಮುಟ್ಟಾದದ್ದನ್ನು ಕೆಟ್ಟ ರೋಗವೆಂದು ತಿಳಿದು, ಯಾರನ್ನೂ ಕೇಳಲಾರದೆ ಪ್ರಾಣ ಕಳೆದುಕೊಂಡ ಹುಡುಗಿಯೊಬ್ಬಳ ಅಂತ್ಯಕ್ರಿಯೆಯನ್ನು ಚಾಡ್ ವಾರಾ ಎಂಬ ತರುಣ ಪಾದ್ರಿ 1935ರಲ್ಲಿ ಮಾಡಿಸಿದ್ದರು. ಆ ನೋವು ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ನೊಂದವರಿಗಾಗಿ ಒಂದು ಟೆಲಿಫೋನ್ ಇಟ್ಟರು. ಅವರನ್ನು ಕಾಣಲು ಬಂದು ಕಾಯುತ್ತಿದ್ದವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಎಷ್ಟೋ ಮಂದಿ ಅಷ್ಟರಿಂದಲೇ ಸಮಾಧಾನಗೊಂಡು, ಪಾದ್ರಿಯನ್ನು ಕಾಣದೆಯೇ ಮನೆಗೆ ಹೋದರು! ಇದನ್ನು ಗಮನಿಸಿದ ವಾರಾ 1954ರಲ್ಲಿ ಕೇಳುವ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಅದೇ ಸಮಾರಿಟನ್ಸ್. 1970ರಲ್ಲಿ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ಮೊದಲ ನೈಟ್‌ಲೈನ್ ಆರಂಭವಾಯಿತು. ತರಬೇತಿ ಪಡೆದ ವಿದ್ಯಾರ್ಥಿಗಳೇ ರಾತ್ರಿಯಿಡೀ ಎಚ್ಚರವಿದ್ದು ಇತರ ವಿದ್ಯಾರ್ಥಿಗಳ ಮಾತು ಕೇಳುವ ಏರ್ಪಾಡು ಇದು. ಹೆಸರು ಕೇಳುವುದಿಲ್ಲ, ಉಪದೇಶ ಮಾಡುವುದಿಲ್ಲ.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಗೂ ಅದೇ ಮುಖ್ಯ ಕೇಂದ್ರ.

ನಮ್ಮದೂ ಒಂದು ಮಾತು. ಡಾಕ್ಟರೇಟಿನ ಎರಡನೆಯ ವರ್ಷ ನಾವು ಮಾಡುತ್ತಿದ್ದ ಪ್ರಯೋಗ ನಾಲ್ಕು ತಿಂಗಳು ಸತತವಾಗಿ ಕೈಕೊಟ್ಟಿತು. ಭಾನುವಾರದ ಫೋನಿನಲ್ಲಿ ಅಮ್ಮ "ಊಟ ಆಯ್ತಾ?" ಎಂದರೆ "ಆಯ್ತು" ಎನ್ನುತ್ತಿದ್ದೆವು, ಆಗಿರುತ್ತಿರಲಿಲ್ಲ. ಕೊನೆಗೆ ಸಂಶೋಧನಾ ವಿದ್ಯಾರ್ಥಿಗಳ ಇಂಥದೇ ಗುಂಪಿಗೆ ಸಂಕೋಚಪಡುತ್ತಲೇ ಹೋದೆವು. ಮೂರು ವಾರ ಬಾಯಿ ಬಿಡಲಿಲ್ಲ. ನಾಲ್ಕನೆಯ ವಾರ ಇತಿಹಾಸ ಓದುವ ಹುಡುಗಿಯೊಬ್ಬಳು, "ಮನೆಗೆ ಫೋನ್ ಮಾಡಿ ಸುಳ್ಳು ಹೇಳುತ್ತೇನೆ" ಎಂದಳು. ಆಮೇಲೆ ನಮಗೂ ಮಾತು ಬಂತು. ಪ್ರಯೋಗವೇನೂ ಅದರಿಂದ ಸರಿಹೋಗಲಿಲ್ಲ. ರಾತ್ರಿ ನಿದ್ದೆ ಬಂತು, ಬೆಳಿಗ್ಗೆ ಲ್ಯಾಬಿಗೆ ಹೋಗುವ ಮನಸ್ಸಾಯಿತು.

ಗುಂಪು ಎಲ್ಲಕ್ಕೂ ಮದ್ದಲ್ಲ. ಕಾಯಿಲೆ ಬಲಿತಾಗ ಡಾಕ್ಟರೇ ಬೇಕು, ತಡ ಮಾಡಬಾರದು. ಆದರೆ ಮನೆಯವರಿಗೆ ಹೇಳಲಾಗದ್ದನ್ನು ಮಕ್ಕಳು ಬೇರೆಡೆ ಹೇಳಿಕೊಂಡರೆ ಅದು ಮನೆಗೆ ಅವಮಾನವಲ್ಲ. ಎಷ್ಟೋ ಸಲ ಅವರು ನಮ್ಮಿಂದ ಮುಚ್ಚಿಡುವುದು ನಮಗೆ ನೋವಾದೀತೆಂಬ ಅಕ್ಕರೆಯಿಂದಲೇ. ಬರುವ ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಯೂನಿವರ್ಸಿಟಿಗೆ ಬಿಡಲು ಹೋಗುವ ಸದಸ್ಯರು ಕುಕ್ಕರು, ಸಾರಿನ ಪುಡಿಗಳ ಜೊತೆಗೆ ಇದನ್ನೂ ಒಂದು ಮಾತಿನಲ್ಲಿ ಹೇಳಿ ಬರಬೇಕೆಂದು ನಮ್ಮ ಬಿನ್ನಹ.