ಕ್ವಾರ್ಟರ್ಸ್ ಇಲ್ಲದ ಪೇಟೆ: ಭದ್ರಾವತಿಯ ಓಲ್ಡ್ ಟೌನ್‌ನ ವಸತಿ ಚರಿತ್ರೆ

ಭದ್ರಾವತಿಯ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಕಾರ್ಖಾನೆಯ ಗೇಟಿನಿಂದಲೇ ಊರೊಳಗೆ ಕಾಲಿಟ್ಟವರು. 1918ರಲ್ಲಿ ಮೈಸೂರು ಸರ್ಕಾರ ಕೈಹಾಕಿದ ಕಬ್ಬಿಣದ ಕಾರ್ಖಾನೆ, 1923ರ ಜನವರಿಯಲ್ಲಿ ಮೊದಲ ಬಾರಿ ಉರಿದ ಊದುಕುಲುಮೆ, ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ: ಇದು ಎಲ್ಲರಿಗೂ ಪರಿಚಿತ ಸಾಲು. ಈ ಸಾಲಿನಲ್ಲಿ ಜನ ಬರುವುದು ಕೆಲಸಗಾರರಾಗಿ, ಮನೆಗಳು ಬರುವುದು ಕ್ವಾರ್ಟರ್ಸ್ ಆಗಿ. ಕಾರ್ಖಾನೆಗೂ ಮೊದಲೇ ಭದ್ರಾ ಹೊಳೆಯಂಚಿನಲ್ಲಿ ಒಲೆ ಹಚ್ಚಿಕೊಂಡಿದ್ದ ಹಳೇನಗರ, ಊರವರ ಮಾತಿನಲ್ಲಿ ಓಲ್ಡ್ ಟೌನ್, ಅಲ್ಲಿ ಮುನ್ನುಡಿಯ ಒಂದೆರಡು ವಾಕ್ಯಕ್ಕೆ ಮುಗಿಯುತ್ತದೆ. ಆ ಬಡಾವಣೆಯನ್ನು ಮನೆಯ ಒಡೆತನದ ದಿಕ್ಕಿನಿಂದ ನೋಡಿದರೆ ಊರಿನ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ ಎಂಬುದು ಈ ಲೇಖನದ ವಾದ.

ಊರಿನ ಹಿಂದಿನ ಹೆಸರು ಬೆಂಕಿಪುರ. ಇಲ್ಲಿ ನೆಲೆಸಿದ್ದವರ ಪ್ರಾಚೀನತೆಗೆ ಗಟ್ಟಿ ಸಾಕ್ಷಿ ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯ. ಅದು 13ನೆಯ ಶತಮಾನದ ಹೊಯ್ಸಳ ಕಟ್ಟಡ. ಮೂರು ಗರ್ಭಗುಡಿಗಳ ತ್ರಿಕೂಟ, ಬಳಪದ ಕಲ್ಲಿನ ಕೆಲಸ, ಎತ್ತರಿಸಿದ ಜಗತಿಯ ಮೇಲೆ ನಿಂತದ್ದು. ಕಲಾಚರಿತ್ರೆಕಾರರಿಗೆ ಇಲ್ಲಿ ಶಿಖರಗಳೂ ಭಿತ್ತಿಯ ಮೂರ್ತಿಗಳೂ ಮುಖ್ಯ. ವಸತಿ ಚರಿತ್ರೆಗೆ ಮುಖ್ಯವಾಗುವುದು ಬೇರೆ. ಮೂರು ಸನ್ನಿಧಿಗೆ ನಿತ್ಯಪೂಜೆ ನಡೆಯಬೇಕಾದರೆ ಅರ್ಚಕರು, ಓಲಗದವರು, ಹೂವಿನವರು, ಎಣ್ಣೆ ಗಾಣದವರು, ದೇವರ ಗದ್ದೆ ಉಳುವವರು ಬೇಕು. ಅವರೆಲ್ಲ ಗುಡಿಗೆ ನಡೆದು ಬರುವಷ್ಟು ಹತ್ತಿರದಲ್ಲಿ ಇದ್ದಿರಬೇಕು. ಇಷ್ಟು ದೊಡ್ಡ ದೇಗುಲ ಬಯಲಲ್ಲಿ ಒಂಟಿಯಾಗಿ ನಿಂತಿತ್ತೆಂದು ಊಹಿಸುವುದಕ್ಕಿಂತ, ಸುತ್ತ ಒಂದು ಪೇಟೆ ಇತ್ತೆಂದು ತಿಳಿಯುವುದೇ ಹೆಚ್ಚು ಸಮಂಜಸ.

ಗ್ರಾಮದೇವತೆ ಹಳದಮ್ಮನ ಗುಡಿ ಇರುವುದೂ ಹಳೇನಗರದಲ್ಲೇ. ರಾಜಾಶ್ರಯದ ಕಲ್ಲಿನ ಗುಡಿ, ಊರವರು ನಡೆಸಿಕೊಂಡು ಬಂದ ಅಮ್ಮನ ಗುಡಿ, ಇತ್ತ ಮರಾಠ ಬೀದಿ, ಅತ್ತ ಖಾಜಿ ಮೊಹಲ್ಲಾ, ಭೂತನಗುಡಿ: ಈ ಹೆಸರುಗಳು ಯಾವ ನಕ್ಷೆಗಾರನೂ ಕೂತು ಇಟ್ಟವಲ್ಲ. ನೆಲೆಸಿದವರ ಜಾತಿ, ಕಸುಬು, ದೈವಗಳು ಬೀದಿಗೆ ಅಂಟಿಕೊಂಡ ಬಗೆ ಅದು. ಕಂಪನಿಯ ಬಡಾವಣೆಗಳಲ್ಲಿ ಮನೆಗಳಿಗೆ ಇದ್ದದ್ದು ಅಂಕಿ. ಯಾವ ದರ್ಜೆಯ ನೌಕರನಿಗೆ ಯಾವ ಮಾದರಿಯ ಮನೆ ಎಂಬುದು ಹುದ್ದೆಯಿಂದ ತೀರ್ಮಾನವಾಗುತ್ತಿತ್ತು. ಓಲ್ಡ್ ಟೌನ್‌ನಲ್ಲಿ ವಿಳಾಸ ಹೇಳಿದರೆ ಮನೆತನ ತಿಳಿಯುತ್ತಿತ್ತು, ಕಂಪನಿಯ ನ್ಯೂ ಟೌನ್‌ನಲ್ಲಿ ಹೇಳಿದರೆ ಸಂಬಳ.

1899ರಲ್ಲಿ ಬೀರೂರು-ಶಿವಮೊಗ್ಗ ರೈಲು ಹಳಿ ಬಂದದ್ದು ಕಾರ್ಖಾನೆಗೆ ದಾರಿಯಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರೆಯ ನೀರು ಮೂರೂ ಕೈಗೆಟುಕುವ ಜಾಗವೆಂದು ಬೆಂಕಿಪುರ ಆಯ್ಕೆಯಾಯಿತು. ಕೆಲಸಕ್ಕೆ ಬೇಕಾದ ಜನ ಇಲ್ಲಿ ಇರಲಿಲ್ಲ. ತಮಿಳು ಸೀಮೆಯಿಂದ, ತೆಲುಗು ನಾಡಿನಿಂದ, ಮೈಸೂರು ಸಂಸ್ಥಾನದ ಮೂಲೆಮೂಲೆಯಿಂದ ಜನ ಬಂದರು. ಅವರಿಗಾಗಿ ನ್ಯೂ ಟೌನ್ ಎದ್ದಿತು, ಮುಂದೆ ಕಾಗದ ಕಾರ್ಖಾನೆಗಾಗಿ ಪೇಪರ್ ಟೌನ್. ಇಂದಿಗೂ ಊರಿನ ಪೊಲೀಸ್ ಠಾಣೆಗಳು ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್ ಎಂದೇ ಹಂಚಿಕೊಂಡಿವೆ.

ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯ ದಡದ ಎಡಿನ್‌ಬರೋ ನಗರದಲ್ಲೂ ಓಲ್ಡ್ ಟೌನ್, ನ್ಯೂ ಟೌನ್ ಜೋಡಿಯಿದೆ. 1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣನ ನಕ್ಷೆ ಒಪ್ಪಿಗೆ ಪಡೆದ ಮೇಲೆ ಉಳ್ಳವರೆಲ್ಲ ಕಿಷ್ಕಿಂಧೆಯಂತಿದ್ದ ಹಳೆಯ ಓಣಿಗಳನ್ನು ಬಿಟ್ಟು ಅಗಲ ಬೀದಿಗಳ ಹೊಸ ಊರಿಗೆ ಹೋದರು. ಹಳೆಯ ಊರಿನ ಅಂತಸ್ತಿನ ಮನೆಗಳಲ್ಲಿ ಬಡವರು ಕೋಣೆಗೊಂದು ಸಂಸಾರವಾಗಿ ತುಂಬಿಕೊಂಡರು. ನೂರು ವರ್ಷ ಕಳೆದ ಮೇಲೆ, 1880ರ ದಶಕದಲ್ಲಿ, ನಗರಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಹೆಂಡತಿಯೊಡನೆ ಆ ಓಣಿಗಳಲ್ಲೊಂದಕ್ಕೆ ತಾನೇ ವಾಸಕ್ಕೆ ಬಂದು, ಕೆಡವದೆ ದುರಸ್ತಿ ಮಾಡುವ ದಾರಿ ತೋರಿಸಿದ. ಅದೇ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳ ಮೇಲೆ ವರದಿ ಬರೆದ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯೂ ಅದರಲ್ಲಿ ಸೇರಿದೆ. ಹಳೆಯ ಕೇರಿಯನ್ನು ಒಡೆದು ನೇರ ರಸ್ತೆ ಎಳೆಯುವ ಎಂಜಿನಿಯರುಗಳ ಆತುರದ ಮೇಲೆ ಅವನಿಗೆ ಸಿಟ್ಟಿತ್ತು.

ಹೋಲಿಕೆ ಆಕರ್ಷಕವಾಗಿದೆ, ಆದರೆ ಒಂದು ಹೆಜ್ಜೆ ಮುಂದೆ ಹೋದರೆ ಮುರಿಯುತ್ತದೆ. ಎಡಿನ್‌ಬರೋದ ನ್ಯೂ ಟೌನ್ ತುಂಬಿದ್ದು ಓಲ್ಡ್ ಟೌನ್ ಖಾಲಿಯಾಗಿ. ಭದ್ರಾವತಿಯ ನ್ಯೂ ಟೌನ್ ತುಂಬಿದ್ದು ಹೊರಗಿನವರಿಂದ. ಹಳೇನಗರದ ಅಂಗಡಿಯವರೂ ಜಮೀನಿನವರೂ ಮನೆ ಬಿಟ್ಟು ಹೊಸ ಬಡಾವಣೆಗೆ ಹೋಗಲಿಲ್ಲ. ಹೋಗಲು ದಾರಿಯೂ ಇರಲಿಲ್ಲ, ಕ್ವಾರ್ಟರ್ಸ್ ಸಿಗುವುದು ನೌಕರಿ ಇದ್ದವರಿಗೆ. ಹೀಗಾಗಿ ಇಲ್ಲಿ ಹಳೆಯದು ಪಾಳು ಬೀಳಲಿಲ್ಲ, ಹೊಸದರ ಸಂಬಳದಿಂದ ಬದುಕಿತು. ದಿನಸಿ, ಬಟ್ಟೆ, ಚಿನ್ನ, ಬಡ್ಡಿಯ ಸಾಲ ಯಾವುದಕ್ಕೂ ತಿಂಗಳ ಮೊದಲ ವಾರವೇ ಸುಗ್ಗಿ.

ಕಾರ್ಖಾನೆಯ ಮನೆಗೂ ಸ್ವಂತ ಮನೆಗೂ ಇರುವ ವ್ಯತ್ಯಾಸ ಬಯಲಾಗುವುದು ನಿವೃತ್ತಿಯ ದಿನ. ಮೂವತ್ತು ವರ್ಷ ಬಾಳಿದ, ಅಂಗಳದಲ್ಲಿ ತೆಂಗು ನೆಟ್ಟ ಮನೆ ಆ ದಿನ ಕಂಪನಿಯದಾಗುತ್ತದೆ. ಆಗ ನೌಕರ ಜನ್ನಾಪುರದಲ್ಲೋ ಹೊಸಮನೆಯಲ್ಲೋ ಓಲ್ಡ್ ಟೌನ್‌ನ ಅಂಚಿನಲ್ಲೋ ಸೈಟು ಹುಡುಕುತ್ತಾನೆ. ಭದ್ರಾವತಿಯ ವಿಸ್ತರಣೆಯಲ್ಲಿ ದೊಡ್ಡ ಪಾಲು ಪಿಎಫ್ ಹಣದ್ದು ಎಂದರೆ ಉತ್ಪ್ರೇಕ್ಷೆಯಲ್ಲ ಎಂದು ನನ್ನ ಅನಿಸಿಕೆ.

ಹಾಗೆಂದು ಓಲ್ಡ್ ಟೌನ್‌ನ ಬದುಕು ನಿರಾತಂಕವೇನಲ್ಲ. ಹೊಳೆಯ ನೆರೆಯೇ ಅದರ ದೊಡ್ಡ ತಲೆನೋವು. ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದ ಮೇಲೆ ನೆರೆಯ ಸ್ವರೂಪವೇ ಬದಲಾಯಿತು. ಮೊದಲು ಮಳೆ ನೋಡಿ ಅಂದಾಜು ಮಾಡುತ್ತಿದ್ದವರು ಈಗ ಜಲಾಶಯದ ಮಟ್ಟ ಕೇಳುತ್ತಾರೆ. 186 ಅಡಿ ಎಂಬ ಪೂರ್ಣ ಮಟ್ಟ ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಗೇಟು ಎತ್ತಿದರೆ ಕವಲಗುಂದಿಯಂಥ ತಗ್ಗು ಪ್ರದೇಶಗಳಿಗೆ ನೀರು ನುಗ್ಗುತ್ತದೆ. ಇಲ್ಲಿನ ಒಂದು ವಿಚಿತ್ರ: ಹೊಳೆ ಉಕ್ಕಿದಾಗ ಮುಳುಗುವುದು ಹೊಸ ಸೇತುವೆ, ಸಂಚಾರ ಸಾಗುವುದು ಹಳೆ ಸೇತುವೆಯ ಮೇಲೆ. ಹಿಂದಿನವರು ನೀರಿನ ಎತ್ತರ ಅಳೆದ ಬಗೆಗೆ ಇದಕ್ಕಿಂತ ಒಳ್ಳೆಯ ದಾಖಲೆ ಕಡತಗಳಲ್ಲೂ ಸಿಗಲಿಕ್ಕಿಲ್ಲ.

ಆ ಕಬ್ಬಿಣ-ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೈಲ್‌ನ ಅಧೀನ ಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲವು ಘಟಕಗಳು ಮತ್ತೆ ಚಾಲೂ ಆದವು. ಇದಕ್ಕೂ ಮೊದಲೇ ಜನಗಣತಿ ಸುಳಿವು ಕೊಟ್ಟಿತ್ತು. 2001ರಲ್ಲಿ ಸುಮಾರು 1.60 ಲಕ್ಷ ಇದ್ದ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.51 ಲಕ್ಷಕ್ಕೆ ಇಳಿಯಿತು. ರಾಜ್ಯದ ಬಹುತೇಕ ಊರುಗಳು ಊದಿಕೊಳ್ಳುತ್ತಿದ್ದ ದಶಕವದು.

ಈ ಕುಸಿತದ ಹೊಡೆತ ಎಲ್ಲ ಬಡಾವಣೆಗೂ ಒಂದೇ ಸಮನಾಗಿ ಬೀಳಲಿಲ್ಲ. ಕಂಪನಿಯ ಸಾಲುಮನೆಗಳಲ್ಲಿ ಹೆಂಚು ಜಾರಿ ಗಿಡಗಂಟಿ ಬೆಳೆದರೆ ಕೇಳುವವರಿಲ್ಲ, ಏಕೆಂದರೆ ಅಲ್ಲಿದ್ದವರಿಗೆ ಅದನ್ನು ರಿಪೇರಿ ಮಾಡುವ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಹಳೇನಗರದಲ್ಲಿ ವ್ಯಾಪಾರ ಇಳಿದಿದೆ, ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ; ಆದರೆ ಮನೆಯ ಖಾತೆ ಅಜ್ಜನ ಹೆಸರಿನಿಂದ ಮೊಮ್ಮಗನ ಹೆಸರಿಗೆ ಬಂದಿದೆ, ಒಂದು ಭಾಗ ಬಾಡಿಗೆಗೆ ಹೋಗಿದೆ, ಮುಂದಿನ ಜಗಲಿ ಮಳಿಗೆಯಾಗಿದೆ. ಮನೆ ಬದಲಾಗುವುದು ಅದಕ್ಕೊಬ್ಬ ಯಜಮಾನ ಇರುವುದರಿಂದ. ಕಾರ್ಖಾನೆಯ ವಾರ್ಷಿಕ ವರದಿಗಳಲ್ಲಿ ಈ ಬದಲಾವಣೆ ದಾಖಲಾಗುವುದಿಲ್ಲ. ನಗರಸಭೆಯ ಕಂದಾಯ ಪುಸ್ತಕ, ಉಪನೋಂದಣಿ ಕಚೇರಿಯ ಕ್ರಯಪತ್ರ ಮತ್ತು ಪಾಲುಪಟ್ಟಿಗಳನ್ನು ಬೀದಿಬೀದಿಯಾಗಿ ಜೋಡಿಸಿ ಓದುವ ಕೆಲಸ ಇನ್ನು ಆಗಬೇಕು, ಮತ್ತು ಅದನ್ನು ಮರಾಠ ಬೀದಿ, ಖಾಜಿ ಮೊಹಲ್ಲಾಗಳಿಂದಲೇ ಆರಂಭಿಸುವುದು ಸೂಕ್ತ.